ಕಂಠೀರಾಯಿ ಹಣವೂ ಇಂದಿನ ಸ್ಥಿರನಾಣ್ಯಗಳೂ: ಕೋಲಾರ ಸೀಮೆಯ ನಾಣ್ಯವ್ಯವಹಾರದಿಂದ ಒಂದು ವಿವೇಚನೆ

ನಮ್ಮ ಭಾಷೆಯಲ್ಲಿ ದ್ರವ್ಯವನ್ನು ಸೂಚಿಸುವ ಶಬ್ದಗಳು ಬಹುಮಟ್ಟಿಗೆ ಚಲಾವಣೆ ತಪ್ಪಿಹೋದ ನಾಣ್ಯಗಳ ಹೆಸರುಗಳಾಗಿವೆ. ಹಣವೆಂಬುದು ಎರಡು ಮೂರು ಗುಲಗಂಜಿಯಷ್ಟು ತೂಗುತ್ತಿದ್ದ ಒಂದು ಚಿನ್ನದ ನಾಣ್ಯ, ದುಡ್ಡೆಂಬುದು ತಾಮ್ರದ್ದು, ಕಾಸೆಂಬುದು ಅದಕ್ಕಿಂತಲೂ ಕಿರಿದು. ಇವುಗಳಲ್ಲಿ ಒಂದಾದರೂ ಈಗ ಯಾರ ಕೈಯಲ್ಲಿಯೂ ಇಲ್ಲ. ಆದರೂ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತನ್ನ ಮೊಬೈಲಿನ ಮೂಲಕ ರೂಪಾಯಿಗಳನ್ನು ಪಡೆದ ರೈತನು ‘ಹಣ ಬಂತು’ ಎಂದೇ ಹೇಳುವನಲ್ಲದೆ ‘ರೂಪಾಯಿ ಬಂತು’ ಎನ್ನುವುದು ಅಪೂರ್ವ. ನಾಣ್ಯವೊಂದು ತನ್ನನ್ನು ಅಚ್ಚು ಹಾಕಿದ ದೊರೆಗಿಂತಲೂ, ತನ್ನಲ್ಲಿದ್ದ ಲೋಹಕ್ಕಿಂತಲೂ ಹೆಚ್ಚು ಕಾಲ ಬಾಳುವುದು ಹೇಗೆಂಬ ಪ್ರಶ್ನೆಗೆ ಇದೊಂದು ಸಣ್ಣ ಸಾಕ್ಷ್ಯ.

ಈ ಪ್ರಶ್ನೆಯು ಈಗ ಹೊಸದೊಂದು ವೇಷದಿಂದ ನಮ್ಮೆದುರಿಗೆ ಬಂದಿರುವುದು. ಪಾಶ್ಚಾತ್ಯ ದೇಶಗಳಲ್ಲಿ ‘ಸ್ಟೇಬಲ್ ಕಾಯಿನ್’ ಎಂಬ ಹೆಸರಿನ ಖಾಸಗಿ ನಾಣ್ಯಗಳು ಹುಟ್ಟಿಕೊಂಡಿವೆ. ಇವನ್ನು ನಾವು ಸ್ಥಿರನಾಣ್ಯಗಳೆಂದು ಕರೆಯಬಹುದು. ಒಂದು ಸಂಸ್ಥೆಯು ಜನರಿಂದ ಡಾಲರುಗಳನ್ನು ತೆಗೆದುಕೊಂಡು, ಅದನ್ನು ಬ್ಯಾಂಕಿನಲ್ಲಿಯೂ ಸರ್ಕಾರದ ಸಾಲಪತ್ರಗಳಲ್ಲಿಯೂ ಇಟ್ಟು, ಒಂದು ಡಾಲರಿಗೆ ಒಂದರಂತೆ ಗುರುತುಗಳನ್ನು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಕಿರ್ದಿಯಲ್ಲಿ ಬರೆದುಕೊಡುತ್ತದೆ. ಗುರುತನ್ನು ಹಿಂದಿರುಗಿಸಿದರೆ ಡಾಲರನ್ನು ಕೊಡುವೆನೆಂಬುದು ಅದರ ವಚನ. ಎಲ್ಲವೂ ಒಂದೇ ಡಾಲರಿಗೆ ಸಮವೆಂದು ಹೇಳಿಕೊಳ್ಳುವುದಾದರೆ ಇವುಗಳಲ್ಲಿ ಸ್ಪರ್ಧೆ ಯಾವ ವಿಷಯದಲ್ಲಿ? ಬೆಲೆಯಲ್ಲಿ ಸ್ಪರ್ಧೆ ಇರಲಾರದು. ಒಂದು ಡಾಲರು ಇನ್ನೊಂದು ಡಾಲರಿಗಿಂತ ಅಗ್ಗವಾಗುವಂತಿಲ್ಲ. ಹಾಗಿದ್ದರೂ 2025ರ ಕೊನೆಯ ವೇಳೆಗೆ ಟೆದರ್ ಎಂಬ ನಾಣ್ಯದ ಚಲಾವಣೆಯು 18,000 ಕೋಟಿ ಡಾಲರನ್ನು ಮೀರಿತ್ತು, ಎರಡನೆಯದಾದ ಯು.ಎಸ್.ಡಿ.ಸಿ.ಯದು ಅದರ ಅರ್ಧವನ್ನೂ ಮುಟ್ಟಿರಲಿಲ್ಲ. ಉಳಿದವು ಬಹಳ ಹಿಂದೆ. ಇದಕ್ಕೆ ಕಾರಣವನ್ನು ತಿಳಿಯಲು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳೆಯ ನಾಣ್ಯವ್ಯವಹಾರವು ನಮಗೆ ಬಹಳ ಸಹಾಯ ಮಾಡುವುದೆಂದು ನಮ್ಮ ಅಭಿಪ್ರಾಯ.

ಈ ನಾಲ್ಕು ತಾಲ್ಲೂಕುಗಳ ಭೂಸ್ಥಿತಿಯನ್ನು ಮೊದಲು ಗಮನಿಸಬೇಕು. ಮುಳಬಾಗಿಲೆಂದರೆ ಹೆಸರೇ ಹೇಳುವಂತೆ ಮೂಡಣ ಬಾಗಿಲು. ಅಲ್ಲಿಂದ ಇಳಿದರೆ ಆರ್ಕಾಟಿನ ಸೀಮೆ. ಶ್ರೀನಿವಾಸಪುರದಿಂದ ಈಶಾನ್ಯಕ್ಕೆ ಹೋದರೆ ಮದನಪಲ್ಲಿ, ಕಡಪೆಯ ದಾರಿ. ಮಾಲೂರಿನ ದಕ್ಷಿಣಕ್ಕೆ ಹೊಸೂರು. ಘಟ್ಟದ ಮೇಲಿನ ನಾಣ್ಯವೂ ಕೆಳಗಿನ ನಾಣ್ಯವೂ ಸಂಧಿಸುತ್ತಿದ್ದ ನೆಲವಿದು. ವಿಜಯನಗರದ ಕಾಲದಲ್ಲಿ ಇದು ಮುಳುವಾಯಿ ರಾಜ್ಯವೆನಿಸಿತ್ತು. ಎರಡನೆಯ ದೇವರಾಯನ ಕಾಲದಲ್ಲಿ (1422–1446) ಇಲ್ಲಿ ಅಧಿಕಾರಿಯಾಗಿದ್ದ ಲಕ್ಕಣ್ಣ ದಂಡನಾಯಕನಿಗೆ ಸೇರಿದವೆಂದು ಪಂಡಿತರು ಗುರುತಿಸಿರುವ ತಾಮ್ರದ ನಾಣ್ಯಗಳು ದೊರೆತಿವೆ. ಅವುಗಳ ಒಂದು ಮುಖದಲ್ಲಿ ಆನೆಯೂ ‘ಲ’ ಎಂಬ ಅಕ್ಷರವೂ, ಮತ್ತೊಂದರಲ್ಲಿ ಅವನ ಹೆಸರಿನ ಉಳಿದ ಭಾಗವೂ ಇವೆ. ಚಿನ್ನದ ವರಹವು ಚಕ್ರವರ್ತಿಯದು, ಸಂತೆಯ ತಾಮ್ರವು ದಂಡನಾಯಕನದು: ಈ ಬಗೆಯ ವಿಭಾಗವು ಆಗಲೇ ಇತ್ತೆಂಬುದು ಇದರಿಂದ ತಿಳಿಯುವುದು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿ ವರಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗವಾದ ಹಣ, ಇವುಗಳ ಕೆಳಗೆ ಬೆಳ್ಳಿಯ ತಾರ, ತಾಮ್ರದ ಜಿತಲ ಎಂಬ ನಾಣ್ಯಗಳಿದ್ದುದನ್ನು ಬರೆದಿಟ್ಟಿರುವನು. ಆಗ ವರಹಕ್ಕೆ 20 ಹಣವಾಯಿತು. ಮೈಸೂರಿನವರ ಲೆಕ್ಕದಲ್ಲಿ 10 ಮಾತ್ರ. ಹೆಸರು ಒಂದೇ ಆದರೂ ಅಳತೆ ಒಂದೇ ಅಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡುವುದು ಒಳ್ಳೆಯದು.

ಈಗ ನಮ್ಮ ವಿಷಯದ ನಾಯಕನಿಗೆ ಬರೋಣ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಮೈಸೂರಿನಲ್ಲಿ ಮೊದಲು ಟಂಕಸಾಲೆಯನ್ನು ಸ್ಥಾಪಿಸಿದರು. ಅವರು ಅಚ್ಚು ಹಾಕಿಸಿದುದು ಹಣವನ್ನು ಮಾತ್ರ. ಒಂದು ಕಡೆ ನರಸಿಂಹನ ಮೂರ್ತಿ, ಮತ್ತೊಂದು ಕಡೆ ನಾಗರಲಿಪಿಯಲ್ಲಿ ‘ಶ್ರೀ ಕಂಠೀರವ’. ಇಂತಹ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ. ಆದರೆ ಆ ವರಹವೆಂಬ ನಾಣ್ಯವು ಎಲ್ಲಿಯೂ ಇರಲಿಲ್ಲ! ಅದನ್ನು ಯಾರೂ ಅಚ್ಚು ಹಾಕಲಿಲ್ಲ, ಯಾರೂ ಕೈಯಲ್ಲಿ ಹಿಡಿಯಲಿಲ್ಲ. ಅದು ಶಾನುಭೋಗನ ಕಡತದಲ್ಲಿ ಮಾತ್ರ ಬದುಕಿದ್ದ ಹೆಸರು. ಕಂದಾಯವನ್ನು ಗೊತ್ತುಮಾಡುವುದು, ಸಾಲವನ್ನು ಬರೆಯುವುದು, ಜಹಗೀರಿಯ ಉತ್ಪತ್ತಿಯನ್ನು ಹೇಳುವುದು, ಎಲ್ಲವೂ ಈ ಇಲ್ಲದ ನಾಣ್ಯದಲ್ಲಿ ನಡೆಯಿತು. ಬರೆಹದಲ್ಲಿ ಮಾತ್ರ ಇರುವ ನಾಣ್ಯವು ಇಪ್ಪತ್ತೊಂದನೆಯ ಶತಮಾನದ ವಿಚಿತ್ರವೆಂದು ಭಾವಿಸುವವರು ಇದನ್ನು ಆಲೋಚಿಸಬೇಕು.

ದೊರೆಯು ಕಾಲವಾದ ಮೇಲೆಯೂ ಅವನ ಹಣವು ನಿಲ್ಲಲಿಲ್ಲ. ಹೈದರಲ್ಲಿಯು ಬಂದನು. ಅವನು ಹುಟ್ಟಿದುದು ಈಗ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ ಬೂದಿಕೋಟೆಯಲ್ಲಿ. ಅವನ ಮನೆತನದವರ ಗೋರಿಗಳು ಕೋಲಾರದಲ್ಲಿಯೇ ಇವೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಇಕ್ಕೇರಿಯ ವರಹದ ಮೇಲಿದ್ದ ಶಿವಪಾರ್ವತಿಯರ ಮೂರ್ತಿಗಳನ್ನು ಹಾಗೆಯೇ ಉಳಿಸಿಕೊಂಡು, ಹಿಂದಿನ ಮುಖದಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಹಾಕಿಸಿದನು. ಇದೇ ಬಹಾದ್ದೂರಿ ವರಹ. ಜನಕ್ಕೆ ಪರಿಚಯವಾದ ಮುಖವನ್ನು ಬದಲಾಯಿಸಿದರೆ ನಾಣ್ಯವು ಪೇಟೆಯಲ್ಲಿ ನಡೆಯದೆಂಬುದು ಆ ಚತುರನಿಗೆ ತಿಳಿದಿತ್ತು. ಟಿಪ್ಪು ಸುಲ್ತಾನನು ಹಾಗೆ ಮಾಡದೆ ಮೂರ್ತಿಗಳನ್ನು ತೆಗೆದು, ಹೊಸ ಹೆಸರುಗಳನ್ನಿಟ್ಟು, ಕಾಲಗಣನೆಯನ್ನೂ ಬದಲಿಸಿದನು. ಅವನ ನಾಣ್ಯಗಳು ಅಚ್ಚಿನ ಅಂದದಲ್ಲಿ ದಕ್ಷಿಣದೇಶದಲ್ಲೆಲ್ಲ ಮೇಲಾದುವೆಂದು ನಾಣ್ಯಶಾಸ್ತ್ರಜ್ಞರು ಹೊಗಳುವರು. ಸುಲ್ತಾನಿ ಹಣವು ಚೆನ್ನಾಗಿಯೇ ಓಡಿತು. ಆದರೆ 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ರಾಜ್ಯವನ್ನು ಹಂಚಿಕೊಂಡ ಕರಾರಿನ ಪಟ್ಟಿಗಳಲ್ಲಿ ತಾಲ್ಲೂಕುಗಳ ಹುಟ್ಟುವಳಿಯನ್ನು ಬರೆದುದು ಬಹಾದ್ದೂರಿಯಲ್ಲಿಯೂ ಅಲ್ಲ, ಸುಲ್ತಾನಿಯಲ್ಲಿಯೂ ಅಲ್ಲ. 140 ವರ್ಷಗಳ ಹಿಂದೆ ತೀರಿಕೊಂಡ ದೊರೆಯ ಕಂಠೀರಾಯಿ ವರಹದಲ್ಲಿ. ಕೋಲಾರವನ್ನೊಳಗೊಂಡು ಮುಮ್ಮಡಿ ಕೃಷ್ಣರಾಜ ಒಡೆಯರ ಪಾಲಿಗೆ ಬಂದ ಸೀಮೆಯ ಹುಟ್ಟುವಳಿಯು ಸುಮಾರು 13.74 ಲಕ್ಷ ಕಂಠೀರಾಯಿ ವರಹವೆಂದು ಅಲ್ಲಿದೆ.

ಅಲ್ಲಿಗೇ ನಿಲ್ಲಲಿಲ್ಲ. ದಿವಾನ್ ಪೂರ್ಣಯ್ಯನವರು ಆಡಳಿತವನ್ನು ವಹಿಸಿಕೊಂಡಾಗ ಹೊಸ ಅರಸರಿಗೆ ಹೊಸದೊಂದು ಹಣವನ್ನು ಕಲ್ಪಿಸಬಹುದಾಗಿತ್ತು. ಅವರು ಹಾಗೆ ಮಾಡದೆ ಹಳೆಯ ಕಂಠೀರಾಯಿ ಹಣವನ್ನೇ ಮತ್ತೆ ಅಚ್ಚು ಹಾಕಿಸಿದರು. ಮೊದಲಿನದು ತೆಳ್ಳಗೆ ಹರಡಿದ್ದುದರಿಂದ ಅಗಲ ಕಂಠೀರಾಯಿ ಎಂದೂ, ಪೂರ್ಣಯ್ಯನವರದು ಗಿಡ್ಡ ಕಂಠೀರಾಯಿ ಎಂದೂ ಜನರು ಕರೆದರು. (ಪಾಪನಪಲ್ಲಿ ಎಂದಿದ್ದ ಊರಿಗೆ ತಮ್ಮ ಮಗನ ಹೆಸರಿನಿಂದ ಶ್ರೀನಿವಾಸಪುರವೆಂದು ಹೆಸರಿಟ್ಟವರೂ ಈ ಪೂರ್ಣಯ್ಯನವರೇ. ಊರಿನ ಹೆಸರನ್ನು ಬದಲಾಯಿಸಲು ಅಂಜದವರು ಹಣದ ಹೆಸರನ್ನು ಮುಟ್ಟಲಿಲ್ಲವೆಂಬುದು ಸ್ವಾರಸ್ಯವಾಗಿದೆ.)

ಇದಕ್ಕೆ ಕಾರಣವೇನು? ಲೋಹದ ಶುದ್ಧಿಯಲ್ಲ. ಕಂಠೀರಾಯಿ ವರಹದ ಬೆಲೆಯು ಕಂಪನಿಯ ಲೆಕ್ಕದಲ್ಲಿ 2 ರೂಪಾಯಿ 14 ಆಣೆ 8 ಪೈ ಎಂದು ನಿಂತಿತು. ಮದರಾಸಿನ ನಕ್ಷತ್ರ ವರಹವು ಮೂರೂವರೆ ರೂಪಾಯಿ. ಗುಣದಿಂದಲೇ ಗೆಲ್ಲುವುದಾದರೆ ನಕ್ಷತ್ರ ವರಹವು ಗೆಲ್ಲಬೇಕಾಗಿತ್ತು. ಆದರೆ ನಾಣ್ಯವನ್ನು ಹಿಡಿದವನು ಕೇಳುವ ಪ್ರಶ್ನೆ ‘ಇದರಲ್ಲಿ ಎಷ್ಟು ಚಿನ್ನವಿದೆ’ ಎಂಬುದಲ್ಲ, ‘ಇದನ್ನು ವಟ್ಟವಿಲ್ಲದೆ ಯಾರು ಯಾರು ತೆಗೆದುಕೊಳ್ಳುವರು’ ಎಂಬುದು. ವಟ್ಟವೆಂದರೆ ಒಂದು ನಾಣ್ಯವನ್ನು ಮತ್ತೊಂದಕ್ಕೆ ಮಾರ್ಪಡಿಸುವಾಗ ಚಿನಿವಾರನು ಮುರಿದುಕೊಳ್ಳುವ ಅಂಶ. ಕಂದಾಯದ ಕಟ್ಟೆಯಲ್ಲಿ, ಸಂತೆಯ ಸುಂಕದ ಕಟ್ಟೆಯಲ್ಲಿ, ದೇವಸ್ಥಾನದ ಪಾರುಪತ್ಯದಲ್ಲಿ, ನೇಯ್ಗೆಯವನ ಮುಂಗಡದಲ್ಲಿ, ಎಣ್ಣೆಯ ಗಾಣದಲ್ಲಿ ವಟ್ಟವಿಲ್ಲದೆ ಸಲ್ಲುವ ನಾಣ್ಯವು ಯಾವುದೋ ಅದೇ ಆ ಸೀಮೆಯ ನಾಣ್ಯ. ಹೀಗೆ ಒಂದು ನಾಣ್ಯವನ್ನು ಸಮಬೆಲೆಗೆ ಸ್ವೀಕರಿಸುವ ಸ್ಥಳಗಳ ಸಮೂಹವನ್ನು ನಾವು ಅದರ ವ್ಯವಹಾರಮಂಡಲವೆಂದು ಕರೆಯೋಣ. ಕಂಠೀರಾಯಿಯ ಬಲವೆಲ್ಲ ಈ ಮಂಡಲದಲ್ಲಿತ್ತು.

ಮಂಡಲವು ಮುಗಿಯುವ ಅಂಚಿನಲ್ಲಿ ಏನಾಗುತ್ತಿತ್ತೆಂಬುದು ಈ ನಾಲ್ಕು ತಾಲ್ಲೂಕುಗಳಲ್ಲಿ ಚೆನ್ನಾಗಿ ಕಾಣುವುದು. 1800ರಲ್ಲಿ ಕಡಪೆಯೂ 1801ರಲ್ಲಿ ಆರ್ಕಾಟೂ ಕಂಪನಿಯ ಸ್ವಾಧೀನಕ್ಕೆ ಬಂದವು. ಹೊಸೂರು ಅದಕ್ಕೆ ಮುಂಚೆ 1799ರಲ್ಲಿಯೇ ಬಂದಿತ್ತು. ಮೂರು ವರ್ಷಗಳೊಳಗಾಗಿ ಮೂರು ದಿಕ್ಕಿನಲ್ಲಿಯೂ ಮದರಾಸಿನ ನಾಣ್ಯವು ಸುತ್ತುವರಿಯಿತು. ಘಟ್ಟದ ಕೆಳಗಣ ವಾಲಾಜಾಪೇಟೆಯ ವ್ಯಾಪಾರಕ್ಕೆ ಸರಕನ್ನು ಕಳುಹಿಸುತ್ತಿದ್ದವನು ಮಾರಿ ಬಂದ ನಾಣ್ಯವನ್ನು ಮನೆಗೆ ತಂದರೆ ಅದರಿಂದ ಕಂದಾಯವನ್ನು ಕಟ್ಟುವಂತಿಲ್ಲ. ಮೊದಲು ಚಿನಿವಾರನ ಅಂಗಡಿಗೆ ಹೋಗಬೇಕು. ವರ್ತಕನು ಆ ನಷ್ಟವನ್ನು ಸರಕಿನ ಬೆಲೆಯಲ್ಲಿ ಸೇರಿಸಿಬಿಡುವನು. ರೈತನು ಎಲ್ಲಿ ಸೇರಿಸಬೇಕು? ಕಂದಾಯದ ಗಡುವು ಹತ್ತಿರವಾದಾಗ ಕೇಳಿದ ವಟ್ಟವನ್ನು ಕೊಡುವುದೊಂದೇ ದಾರಿ. ನಾಣ್ಯಗಳ ಸ್ಪರ್ಧೆಯಿಂದ ಜನರಿಗೆ ಲಾಭವೆಂಬ ವಾದವನ್ನು ಕೇಳಿದಾಗಲೆಲ್ಲ ನಮಗೆ ಈ ಗಡಿಯ ರೈತನ ನೆನಪಾಗುವುದು.

ರಾಜ್ಯಕ್ಕೂ ಇದೇ ಕಷ್ಟವಿತ್ತು. ಹುಟ್ಟುವಳಿ ಕಂಠೀರಾಯಿಯಲ್ಲಿ, ಆದರೆ 1799ರ ಕರಾರಿನಂತೆ ಕಂಪನಿಗೆ ವರ್ಷಕ್ಕೆ ಕೊಡಬೇಕಾದುದು 7 ಲಕ್ಷ ನಕ್ಷತ್ರ ವರಹ. ಮೇಲೆ ಹೇಳಿದ ದರಗಳಿಂದ ಲೆಕ್ಕ ಹಾಕಿದರೆ ಅದು 24.5 ಲಕ್ಷ ರೂಪಾಯಿ, ಅಂದರೆ 8.4 ಲಕ್ಷ ಕಂಠೀರಾಯಿ ವರಹ. ‘ಹದಿಮೂರು ಲಕ್ಷದಲ್ಲಿ ಏಳು ಲಕ್ಷ’ ಎಂದು ಓದಿದವನಿಗೆ ಅರ್ಧವೆಂದು ತೋರುವುದು ನಿಜವಾಗಿ ಐದರಲ್ಲಿ ಮೂರು ಪಾಲು. ಎರಡಕ್ಕೂ ವರಹವೆಂದೇ ಹೆಸರು.

ಕಂಠೀರಾಯಿಯು ಸೋತುದು ಹೇಗೆ? ಅದಕ್ಕಿಂತ ಒಳ್ಳೆಯ ಹಣವು ಬಂದುದರಿಂದಲ್ಲ. 1818ರಲ್ಲಿ ಮದರಾಸಿನವರು ವರಹವನ್ನು ಬಿಟ್ಟು ರೂಪಾಯಿಯನ್ನು ಹಿಡಿದರು. 1835ರಲ್ಲಿ 180 ಗ್ರೇನಿನ ಏಕರೂಪವಾದ ಕಂಪನಿ ರೂಪಾಯಿಯು ಇಂಡಿಯಾದ ಕಂಪನಿ ಪ್ರಾಂತಗಳಿಗೆಲ್ಲ ಬಂದಿತು. ಮೈಸೂರು 1831ರಿಂದ ಕಮಿಷನರುಗಳ ಆಡಳಿತದಲ್ಲಿತ್ತು. ಅವರ ಕಾಲದಲ್ಲಿ ಸರ್ಕಾರದ ಲೆಕ್ಕವು ಕಂಠೀರಾಯಿಯಿಂದ ರೂಪಾಯಿಗೆ ತಿರುಗಿತು. 1843ರಲ್ಲಿ ಬೆಂಗಳೂರಿನ ಟಂಕಸಾಲೆಯನ್ನು ಮುಚ್ಚಿದರು. ಮಂಡಲದ ಕೇಂದ್ರವಾಗಿದ್ದ ಕಂದಾಯದ ಕಟ್ಟೆಯು ಬೇರೆ ನಾಣ್ಯವನ್ನು ಹಿಡಿದ ಕೂಡಲೆ ಉಳಿದ ಕಟ್ಟೆಗಳೂ ಒಂದೊಂದಾಗಿ ಅದನ್ನು ಅನುಸರಿಸಿದವು. ನಾಣ್ಯವು ಹೋದರೂ ಎಣಿಕೆಯು ಉಳಿಯಿತು. ಒಂದು ಹಣವೆಂದರೆ ನಾಲ್ಕಾಣೆ ಎಂಟು ಪೈ ಎಂಬ ಲೆಕ್ಕವು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಇದ್ದಿತು.

ಇಷ್ಟು ಹಿನ್ನೆಲೆಯಿಂದ ನೋಡಿದರೆ ಇಂದಿನ ಸ್ಥಿರನಾಣ್ಯಗಳ ಚರಿತ್ರೆಯು ಸುಲಭವಾಗಿ ಬಿಡಿಸಿಕೊಳ್ಳುವುದು. ಟೆದರ್ 2014ರಲ್ಲಿ ಹುಟ್ಟಿತು. ಬಿಟ್‌ಕಾಯಿನ್ ಮೊದಲಾದುವನ್ನು ಮಾರುವ ವಿನಿಮಯ ಕೇಂದ್ರಗಳಿಗೆ ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದ ಕಾಲವದು. ಡಾಲರು ಬರಲಾರದ ಅಂಗಡಿಗಳಲ್ಲಿ ಡಾಲರಿನ ಹೆಸರಿನ ಗುರುತು ಸಲ್ಲತೊಡಗಿತು; ಮಿಕ್ಕ ನಾಣ್ಯಗಳ ಬೆಲೆಗಳೆಲ್ಲ ಟೆದರಿನಲ್ಲಿ ಬರೆಯಲ್ಪಟ್ಟವು. ಅಂದರೆ ಅದು ಲೆಕ್ಕದ ವರಹವಾಯಿತು. ಮುಂದೆ ಟ್ರಾನ್ ಎಂಬ ಅಗ್ಗದ ಕಿರ್ದಿಯ ಮೇಲೆ ಅದು ನಡೆಯಲು ಆರಂಭವಾದ ಮೇಲೆ, ಸ್ವದೇಶದ ನಾಣ್ಯವು ದಿನದಿನಕ್ಕೆ ಕರಗುತ್ತಿದ್ದ ಅರ್ಜೆಂಟೈನಾ, ತುರ್ಕಿ, ನೈಜೀರಿಯಗಳ ಸಾಮಾನ್ಯ ಜನರೂ ಅದನ್ನು ಹಿಡಿದರು.

ಅದರ ನಿಧಿಯ ವಿಷಯವಾಗಿ ಸಂದೇಹಗಳು ಮೊದಲಿನಿಂದಲೂ ಇದ್ದವು. 2021ರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲರೊಡನೆ ಆದ ರಾಜಿಯಲ್ಲಿ ಟೆದರ್ ಮತ್ತು ಅದರ ಸಹಸಂಸ್ಥೆಯವರು 1.85 ಕೋಟಿ ಡಾಲರನ್ನು ತೆತ್ತರು. ಅದೇ ವರ್ಷ ಅಮೆರಿಕದ ಇನ್ನೊಂದು ನಿಯಂತ್ರಣ ಮಂಡಲಿಯು ಟೆದರಿಗೆ 4.1 ಕೋಟಿ ಡಾಲರಿನ ದಂಡವನ್ನು ವಿಧಿಸಿತು. ಚಲಾವಣೆಯು ಅದರಿಂದ ಕುಗ್ಗಲಿಲ್ಲ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಸನ್ನಿಧಿಯ ನೆಲದೊಳಗೆ ಕೊರೆದ ಹಳೆಯ ಹುಂಡಿಯೊಂದಿದೆ. ಅದನ್ನು ತೆರೆದವರಿಲ್ಲವೆಂದು ಊರಿನವರು ಹೇಳುವರು, ಕಾಣಿಕೆಯನ್ನು ಹಾಕುವುದನ್ನು ಮಾತ್ರ ಬಿಟ್ಟಿಲ್ಲ. ದೇವಿಯ ಹುಂಡಿಗೆ ಆ ನಂಬಿಕೆಯು ತಕ್ಕುದೇ. ಅಲ್ಲಿ ಹಾಕಿದವನು ಹಿಂದಕ್ಕೆ ಕೇಳುವುದಿಲ್ಲ. ನಾಣ್ಯದ ನಿಧಿಯನ್ನಾದರೋ ಕೇಳಿದ ದಿನ ತೆರೆಯಬೇಕು.

ಇಲ್ಲಿ ನಮ್ಮ ಉಪಮಾನವು ಕುಂಟುವುದೆಂದು ಒಪ್ಪಬೇಕು. ಕಂಠೀರಾಯಿ ಹಣದ ನಿಧಿಯು ಹಣದಲ್ಲಿಯೇ ಇತ್ತು. ಟಂಕಸಾಲೆಯು ಮುಚ್ಚಿದರೂ ಚಿನ್ನವು ಚಿನ್ನವೇ. ಸ್ಥಿರನಾಣ್ಯದ ನಿಧಿಯು ಇನ್ನೊಬ್ಬರ ಪೆಟ್ಟಿಗೆಯಲ್ಲಿದೆ. 2023ರ ಮಾರ್ಚಿಯಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕು ಮುರಿದಾಗ ಯು.ಎಸ್.ಡಿ.ಸಿ.ಯ ನಿಧಿಯಲ್ಲಿ 330 ಕೋಟಿ ಡಾಲರು ಅಲ್ಲಿ ಸಿಕ್ಕಿಕೊಂಡಿತ್ತು. ಒಂದು ಡಾಲರಿನ ಆ ನಾಣ್ಯವು 90 ಸೆಂಟಿಗಿಂತ ಕೆಳಗೆ ಹೋಗಿ, ಠೇವಣಿಗಳಿಗೆ ಸರ್ಕಾರವು ಅಭಯವಿತ್ತ ಮೇಲೆ ಮೇಲೆದ್ದಿತು. ನಿಧಿಯೇ ಇಲ್ಲದೆ ಉಪಾಯದಿಂದ ಮಾತ್ರ ಸಮಬೆಲೆಯನ್ನು ಕಾಯುವೆನೆಂದ ಟೆರ್ರಾ ನಾಣ್ಯವು 2022ರ ಮೇ ತಿಂಗಳಲ್ಲಿ ಕೆಲವೇ ದಿವಸಗಳಲ್ಲಿ ನಾಶವಾಯಿತು. ಶೇಕಡ 20ರ ಸಮೀಪದ ಬಡ್ಡಿಯನ್ನು ಕೊಡುತ್ತಿದ್ದ ಒಂದೇ ಅಂಗಡಿಯು ಅದರ ಮಂಡಲದ ಬಹುಭಾಗವಾಗಿತ್ತು. ಬಡ್ಡಿಗೆ ಬಂದವರು ಬಡ್ಡಿಯೊಡನೆಯೇ ಹೋದರು.

ಮಂಡಲದ ಬಲವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಬೈನಾನ್ಸಿನ ಪ್ರಕರಣ. ಪ್ರಪಂಚದ ಅತಿದೊಡ್ಡ ವಿನಿಮಯ ಕೇಂದ್ರವಾದ ಬೈನಾನ್ಸ್ 2022ರ ಸೆಪ್ಟೆಂಬರಿನಲ್ಲಿ ತನ್ನ ಗಿರಾಕಿಗಳ ಖಾತೆಗಳಲ್ಲಿದ್ದ ಯು.ಎಸ್.ಡಿ.ಸಿ. ಮೊದಲಾದುವನ್ನು ತನ್ನ ಹೆಸರಿನ ಬಿ.ಯು.ಎಸ್.ಡಿ. ನಾಣ್ಯಕ್ಕೆ ತಾನಾಗಿಯೇ ಮಾರ್ಪಡಿಸಿತು. ಗಿರಾಕಿಗೆ ವಟ್ಟವೇನೂ ತಗುಲಲಿಲ್ಲ. ಆದರೆ ಯಾವ ನಾಣ್ಯವನ್ನು ಹಿಡಿಯಬೇಕೆಂಬುದನ್ನು ಕಟ್ಟೆಯವನೇ ತೀರ್ಮಾನಿಸಿದನು. ಆ ವರ್ಷವೇ ಬಿ.ಯು.ಎಸ್.ಡಿ.ಯು 2,000 ಕೋಟಿ ಡಾಲರನ್ನು ದಾಟಿತ್ತು. 2023ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಅಧಿಕಾರಿಗಳು ಹೊಸದಾಗಿ ಅಚ್ಚು ಹಾಕಕೂಡದೆಂದು ಅಪ್ಪಣೆ ಮಾಡಿದರು. ಒಂದು ವರ್ಷದೊಳಗೆ ಆ ನಾಣ್ಯವು ಮುಗಿದಂತೆಯೇ ಆಯಿತು. ಅದರ ನಿಧಿಯಲ್ಲಿ ಕೊರತೆಯಿರಲಿಲ್ಲ. ಹಿಡಿದವರಿಗೆಲ್ಲ ಡಾಲರು ದೊರೆಯಿತು. ಕಟ್ಟೆಯ ಬಲದಿಂದ ಬೆಳೆದುದು ಕಟ್ಟೆಯನ್ನು ಕಳೆದುಕೊಂಡು ಅಳಿಯಿತು.

ಇದನ್ನು ಯು.ಎಸ್.ಡಿ.ಸಿ.ಯ ಒಡೆಯರಾದ ಸರ್ಕಲ್ ಸಂಸ್ಥೆಯವರು ಚೆನ್ನಾಗಿ ಅರಿತಿರುವರು. 2024ರಲ್ಲಿ ಅವರ ಆದಾಯವು ಸುಮಾರು 168 ಕೋಟಿ ಡಾಲರು. ಅದೆಲ್ಲವೂ ಹೆಚ್ಚು ಕಡಮೆ ನಿಧಿಯ ಮೇಲಿನ ಬಡ್ಡಿ. ಅದರಲ್ಲಿ 90 ಕೋಟಿ ಡಾಲರಿಗೂ ಮಿಕ್ಕು ಕಾಯಿನ್‌ಬೇಸ್ ಎಂಬ ಒಂದೇ ವಿನಿಮಯ ಕೇಂದ್ರಕ್ಕೆ ಹೋಯಿತು. ನಾಣ್ಯವನ್ನು ಅಚ್ಚು ಹಾಕುವವನಿಗಿಂತ ಅದನ್ನು ತನ್ನ ಅಂಗಡಿಯಲ್ಲಿ ನಡೆಯಿಸುವವನಿಗೆ ಹೆಚ್ಚು ಪಾಲು. ಹಿಡಿದವನಿಗೆ? 2025ರ ಜುಲೈ 18ರಂದು ಅಂಗೀಕಾರವಾದ ಅಮೆರಿಕದ ಜೀನಿಯಸ್ ಶಾಸನವು ಪೂರ್ಣ ನಿಧಿಯನ್ನು ಕಡ್ಡಾಯ ಮಾಡಿದೆ; ಅದರೊಡನೆ, ನಾಣ್ಯವನ್ನು ಹೊರಡಿಸುವವರು ಹಿಡಿದವರಿಗೆ ಬಡ್ಡಿಯನ್ನು ಕೊಡಕೂಡದೆಂದೂ ವಿಧಿಸಿದೆ. ಚಿನಿವಾರನ ವಟ್ಟವು ಕಣ್ಣಿಗೆ ಕಾಣುತ್ತಿತ್ತು. ಈ ವಟ್ಟವು ಕಾಣದು.

ಈಗ ಮತ್ತೆ ಕೋಲಾರಕ್ಕೆ. ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ಟೊಮೇಟೊವಿನ 15 ಕಿಲೋ ಪೆಟ್ಟಿಗೆಗಳು ಹರಾಜಾಗುವ ಸ್ಥಳದಲ್ಲಿಯೂ, ಮುಳಬಾಗಿಲಿನ ದೋಸೆಯ ಅಂಗಡಿಯಲ್ಲಿಯೂ, ಮಾಲೂರಿನ ಹೆಂಚಿನ ಕಾರ್ಖಾನೆಯ ಬಳಿಯ ಚಹದಂಗಡಿಯಲ್ಲಿಯೂ ಕಪ್ಪು ಬಿಳುಪು ಚೌಕದ ಚೀಟಿಯನ್ನು ಅಂಟಿಸಿರುವರು. ಫೋನ್‌ಪೇ, ಗೂಗಲ್ ಪೇ, ಪೇಟಿಎಂ ಎಂಬ ಸಂಸ್ಥೆಗಳು ಅಲ್ಲಿ ಸ್ಪರ್ಧಿಸುತ್ತವೆ. ಆದರೆ ಇವು ಒಂದೊಂದೂ ತನ್ನ ನಾಣ್ಯವನ್ನು ತಂದಿಲ್ಲ. 2016ರಲ್ಲಿ ಆರಂಭವಾದ ಯು.ಪಿ.ಐ. ಏರ್ಪಾಡಿನಲ್ಲಿ ಯಾವ ಚೀಟಿಗೆ ಯಾವುದರಿಂದ ಕೊಟ್ಟರೂ ರೂಪಾಯಿಯು ಸಮಬೆಲೆಗೆ ಸಲ್ಲುವುದು. ಅಂಗಡಿಗಳು ಸ್ಪರ್ಧಿಸಲಿ, ಮಂಡಲವು ಎಲ್ಲರದಾಗಿರಲಿ ಎಂಬ ಈ ಕಟ್ಟಳೆಯಿಂದಲೇ ಇಲ್ಲಿ ಖಾಸಗಿ ನಾಣ್ಯಕ್ಕೆ ಕಾಲೂರಲು ಸ್ಥಳ ಸಿಕ್ಕಿಲ್ಲವೆಂದು ನಾವು ತಿಳಿದಿರುವೆವು. 2022ರಿಂದ ಇಂತಹ ಸ್ವತ್ತುಗಳ ಲಾಭದ ಮೇಲೆ ವಿಧಿಸಿದ ಶೇಕಡ 30ರ ತೆರಿಗೆಯೂ, ಪ್ರತಿ ಮಾರಾಟದಲ್ಲಿ ಹಿಡಿಯುವ ಶೇಕಡ 1ರ ಮುರಿತವೂ ಅಡ್ಡಿಗಳೇ. ಆದರೆ ಅವು ಎರಡನೆಯ ಕಾರಣ.

ಒಂದು ಕಡೆ ಮಾತ್ರ ಬಾಗಿಲು ತೆರೆದಿದೆ, ಅದು ಹಳೆಯ ಮೂಡಣ ಬಾಗಿಲಿನಂತೆಯೇ ಗಡಿಯ ಬಾಗಿಲು. ವಿದೇಶದಲ್ಲಿರುವ ಮಗನು ಊರಿಗೆ ಹಣ ಕಳುಹಿಸುವಾಗ ದಾರಿಯಲ್ಲಿ ಮುರಿಯುವ ವಟ್ಟವು ಪ್ರಪಂಚದ ಸರಾಸರಿಯಲ್ಲಿ ಶೇಕಡ 6ರ ಆಸುಪಾಸಿನಲ್ಲಿದೆ. ಸ್ಥಿರನಾಣ್ಯದವರು ಇದನ್ನು ಅಳಿಸುವೆವೆಂದು ಹೇಳುವರು. ಕಿರ್ದಿಯಿಂದ ಕಿರ್ದಿಗೆ ಸಾಗಿಸುವ ವೆಚ್ಚವು ಅಲ್ಪವೆಂಬುದು ನಿಜ. ಆದರೆ ಬಂದ ಗುರುತಿನಿಂದ ಶ್ರೀನಿವಾಸಪುರದ ತಾಯಿಯು ಬೀಜಗೊಬ್ಬರವನ್ನು ಕೊಳ್ಳಲಾರಳು; ಅದನ್ನು ರೂಪಾಯಿಗೆ ತಿರುಗಿಸುವವನೊಬ್ಬನು ಬೇಕು, ಅವನಿಗೆ ಅವನ ವಟ್ಟ ಬೇಕು. ಇದಕ್ಕೆ ಪ್ರತಿಯಾಗಿ 2023ರ ಫೆಬ್ರವರಿಯಲ್ಲಿ ಯು.ಪಿ.ಐ.ಯನ್ನು ಸಿಂಗಪುರದ ಪೇನೌ ಏರ್ಪಾಡಿಗೆ ಕೂಡಿಸಲಾಯಿತು. ರಿಸರ್ವ್ ಬ್ಯಾಂಕಿನವರು 2022ರ ಡಿಸೆಂಬರ್ 1ರಿಂದ ಜನಸಾಮಾನ್ಯರಿಗೆ ಡಿಜಿಟಲ್ ರೂಪಾಯಿಯ ಪರೀಕ್ಷೆಯನ್ನು ಬೆಂಗಳೂರು ಸೇರಿದಂತೆ ನಾಲ್ಕು ನಗರಗಳಲ್ಲಿ ಆರಂಭಿಸಿದರು. ಆ ರೂಪಾಯಿಯ ನಿಧಿಯ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೂ ಯು.ಪಿ.ಐ.ಯಿಂದ ಸಾಗದ ಯಾವ ಕೆಲಸವು ಅದರಿಂದ ಸಾಗುವುದೆಂದು ಕೋಲಾರದ ಮಂಡಿಯವನು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಅದಕ್ಕೆ ಅಚ್ಚುಕೂಟವು ದೊರಕಿದೆ. ಕಟ್ಟೆಗಳು ಇನ್ನೂ ದೊರಕಬೇಕು.